ದಾವಣಗೆರೆ–ಚಿತ್ರದುರ್ಗದಿಂದ ರೇಸ್ ಟ್ರ್ಯಾಕಿಗೆ: ದಿನಾಂಕ ಹಿಡಿಯುವುದರಿಂದ ಊರು ಸೇರುವವರೆಗೆ

ದಾವಣಗೆರೆ ಪಕ್ಕದಲ್ಲೇ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ನ್ನು ಬೆಂಗಳೂರಿನ ಕಡೆಗೆ ಹಿಡಿದು, ಅದರ ಸಂಖ್ಯೆ ಬಿಡದೆ ಹೋಗುತ್ತಿದ್ದರೆ ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಆಗಿ, ಹೊಸೂರು, ಕೃಷ್ಣಗಿರಿ, ವೆಲ್ಲೂರು ದಾಟಿ ಶ್ರೀಪೆರಂಬದೂರು ಬರುತ್ತದೆ. ಅಲ್ಲಿಂದ ಚೆನ್ನೈ ಕಡೆಗೆ ಏಳೆಂಟು ಕಿಲೋಮೀಟರ್ ಹೋದರೆ ಇರುಂಗಾಟ್ಟುಕೋಟೈ. ದೇಶದ ಹಳೆಯ ರೇಸ್ ಟ್ರ್ಯಾಕುಗಳಲ್ಲಿ ಒಂದಾದ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ ಇರುವುದು ಅಲ್ಲೇ. ನಮ್ಮ ಊರಿನ ರಸ್ತೆಯೇ ಅಲ್ಲಿಗೆ ಮುಟ್ಟಿಸುತ್ತದೆ ಎಂಬುದು ಈ ಭಾಗದ ಎಷ್ಟೋ ರೇಸ್ ಪ್ರಿಯರಿಗೆ ಗೊತ್ತಿಲ್ಲ. ದಾವಣಗೆರೆಯಿಂದ ಸುಮಾರು 570 ಕಿ.ಮೀ., ಚಿತ್ರದುರ್ಗದಿಂದ 510.

ಇಷ್ಟು ದೂರ ಹೋಗಿ ಬೇಸರಪಟ್ಟು ಬರುವವರು ಸಾಮಾನ್ಯವಾಗಿ ಮಾಡುವುದು ಒಂದೇ ತಪ್ಪು: ಭಾನುವಾರದ ರೇಸ್ ನೋಡಲು ಶನಿವಾರ ರಾತ್ರಿ ಹೊರಡುವುದು. ನಿದ್ದೆಗೆಟ್ಟು ಹತ್ತು ಗಂಟೆಗೆ ಟ್ರ್ಯಾಕ್ ತಲುಪುತ್ತಾರೆ, ಬಿಸಿಲಿಗೆ ಸೋತು ಮಧ್ಯಾಹ್ನವೇ ಎದ್ದು ಹೊರಡುತ್ತಾರೆ. ಶನಿವಾರ ಬೆಳಗ್ಗೆಯೇ ನೀವು ಟ್ರ್ಯಾಕಿನಲ್ಲಿರಬೇಕು. ಉಳಿದ ಏರ್ಪಾಡನ್ನೆಲ್ಲ ಇದಕ್ಕೆ ಹೊಂದಿಸಿಕೊಳ್ಳಿ.

ಯಾವ ಟ್ರ್ಯಾಕ್?

ನಮಗೆ ಎಟುಕುವ ದೂರದಲ್ಲಿರುವುದು ಎರಡು ಊರು: ಚೆನ್ನೈ, ಕೊಯಮತ್ತೂರು. ಗ್ರೇಟರ್ ನೊಯ್ಡಾದ ಬುದ್ಧ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್ 5.125 ಕಿ.ಮೀ. ಉದ್ದದ ಭವ್ಯ ಟ್ರ್ಯಾಕ್. 2011ರಿಂದ 2013ರವರೆಗೆ ಮೂರು ಫಾರ್ಮುಲಾ 1 ರೇಸ್‌ಗಳು ಅಲ್ಲಿ ನಡೆದವು, ಮೂರನ್ನೂ ಸೆಬಾಸ್ಟಿಯನ್ ವೆಟೆಲ್ ಗೆದ್ದರು. 2023ರಲ್ಲಿ ಮೋಟೋಜಿಪಿ ಬೈಕ್ ರೇಸ್ ಕೂಡ ಬಂದುಹೋಯಿತು. ಆದರೆ ಅಲ್ಲಿಗೆ ಹೋಗುವುದು ವಿಮಾನ ಟಿಕೆಟಿನ ಲೆಕ್ಕಾಚಾರ, ಈ ಲೇಖನದ್ದಲ್ಲ.

ಇರುಂಗಾಟ್ಟುಕೋಟೈ ಟ್ರ್ಯಾಕನ್ನು ಕಟ್ಟಿಸಿ ನಡೆಸುತ್ತಿರುವುದು 1953ರಲ್ಲಿ ಶುರುವಾದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್. ಈ ಟ್ರ್ಯಾಕ್ ಬರುವ ಮುಂಚೆ ಶೋಳಾವರಂನ ಹಳೆಯ ವಿಮಾನ ಪಟ್ಟಿಯ ಮೇಲೆ ರೇಸ್ ನಡೆಯುತ್ತಿತ್ತು. ಈ ಟ್ರ್ಯಾಕ್ ಶುರುವಾದದ್ದು 1990ರಲ್ಲಿ. ಉದ್ದ ಸುಮಾರು 3.7 ಕಿ.ಮೀ., ತಿರುವುಗಳು 12. ಹಳಬರು ಇಂದಿಗೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಎಂದೇ ಕರೆಯುತ್ತಾರೆ, ಮ್ಯಾಪಿನಲ್ಲಿ ಎರಡೂ ಹೆಸರಿನಿಂದ ಹುಡುಕಿ ನೋಡಿ.

ಕೊಯಮತ್ತೂರಿನ ಚೆಟ್ಟಿಪಾಳ್ಯಂನಲ್ಲಿರುವ ಕರಿ ಮೋಟಾರ್ ಸ್ಪೀಡ್‌ವೇ ಇನ್ನೂ ಚಿಕ್ಕದು, ಸುಮಾರು 2.1 ಕಿ.ಮೀ. ರೇಸರ್ ಹಾಗೂ ಕಾರು ವಿನ್ಯಾಸಕ ಎಸ್. ಕರಿವರ್ಧನ್ ಅವರ ಹೆಸರಿನದು. ಚಿಕ್ಕದಾದ್ದರಿಂದ ವಾಹನಗಳು ಬೇಗ ಬೇಗ ಕಣ್ಣೆದುರು ಬರುತ್ತವೆ. ಮೊದಲ ಸಲ ಮಕ್ಕಳನ್ನು ಕರೆದೊಯ್ಯುವವರಿಗೆ ಇದೇ ಒಳ್ಳೆಯದು. ದಾರಿ ಮಾತ್ರ ಉದ್ದ. ಬೆಂಗಳೂರು–ಕೃಷ್ಣಗಿರಿ–ಸೇಲಂ ಮೂಲಕ 620 ಕಿ.ಮೀ. ದಾಟುತ್ತದೆ. ಮೈಸೂರು, ಚಾಮರಾಜನಗರದ ಮೇಲೆ ಹೋಗುವವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹಗಲಲ್ಲೇ ಇಳಿಯಬೇಕು. ಸತ್ಯಮಂಗಲಂ ಹುಲಿ ರಕ್ಷಿತಾರಣ್ಯದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ.

ಮುಂದಿನ ವಿವರವೆಲ್ಲ ಇರುಂಗಾಟ್ಟುಕೋಟೈ ಕುರಿತದ್ದು. ಸಾಮಾನು, ಆಸನ, ಬಾವುಟಗಳ ಮಾತು ಎರಡಕ್ಕೂ ಸಲ್ಲುತ್ತದೆ.

ದಿನಾಂಕ ಖಚಿತವಾಗುವ ತನಕ ರೂಮ್ ಬುಕ್ ಮಾಡಬೇಡಿ

ಭಾರತದಲ್ಲಿ ಮೋಟಾರ್ ಸ್ಪೋರ್ಟ್‌ಗೆ ಅನುಮತಿ ಕೊಡುವ ಸಂಸ್ಥೆ ಎಫ್‌ಎಂಎಸ್‌ಸಿಐ. ವರ್ಷದ ಕ್ಯಾಲೆಂಡರ್ ಅದರ ಜಾಲತಾಣದಲ್ಲಿ ಇರುತ್ತದೆ. ಆದರೆ ಕ್ಯಾಲೆಂಡರಿನ ದಿನಾಂಕಗಳು ಕದಲುತ್ತವೆ: ಮಳೆ, ಪ್ರಾಯೋಜಕರು, ಬೇರೆ ರೇಸ್ ಜೊತೆ ಘರ್ಷಣೆ, ಏನಾದರೊಂದು ಕಾರಣ. ನಂಬಬೇಕಾದದ್ದು ರೇಸಿಗೆ ಕೆಲವು ದಿನ ಮುಂಚೆ ಸಂಘಟಕರು ಹೊರಡಿಸುವ ಸಪ್ಲಿಮೆಂಟರಿ ರೆಗ್ಯುಲೇಷನ್ಸ್ ಎಂಬ ಕಡತವನ್ನು. ಅದು ಸ್ಪರ್ಧಿಗಳಿಗೆಂದು ಬರೆದದ್ದು; ಆದರೆ ಯಾವ ವರ್ಗದ ರೇಸ್ ಎಷ್ಟು ಗಂಟೆಗೆ, ಎಷ್ಟು ಲ್ಯಾಪ್ (ಟ್ರ್ಯಾಕಿನ ಒಂದು ಪೂರ್ತಿ ಸುತ್ತು) ಎಂಬ ವೇಳಾಪಟ್ಟಿ ಇರುವುದು ಅಲ್ಲೇ. ಅದನ್ನು ಫೋನಿಗೆ ಇಳಿಸಿಕೊಳ್ಳಿ, ಎರಡು ಪ್ರತಿ ಪ್ರಿಂಟ್ ಕೂಡ ತೆಗೆಸಿ. ಶುಕ್ರವಾರ ಸಂಜೆಯ ಹೊತ್ತಿಗೆ ಬದಲಾವಣೆಯ ಬುಲೆಟಿನ್ ಬಂದಿದೆಯೇ ಎಂದು ಮತ್ತೊಮ್ಮೆ ನೋಡಿ.

ಮೂರು ವಿಷಯ ಕೇಳಿ ತಿಳಿಯಿರಿ. ಪ್ರೇಕ್ಷಕರಿಗೆ ಪ್ರವೇಶ ಇದೆಯೇ? ಚಾಂಪಿಯನ್‌ಶಿಪ್ಪಿನ ಎಲ್ಲ ವಾರಾಂತ್ಯಗಳೂ ಸಾರ್ವಜನಿಕರಿಗೆ ತೆರೆದಿರುತ್ತವೆ ಎಂದು ಭಾವಿಸಬೇಡಿ. ಟಿಕೆಟ್ ಇದ್ದರೆ ಗೇಟಿನಲ್ಲಿ ಸಿಗುತ್ತದೋ, ಆನ್‌ಲೈನ್ ಮಾತ್ರವೋ? ಪ್ಯಾಡಾಕಿಗೆ, ಅಂದರೆ ತಂಡಗಳು ವಾಹನ ರಿಪೇರಿ ಮಾಡುವ ಜಾಗಕ್ಕೆ, ಬೇರೆ ಪಾಸ್ ಬೇಕೋ, ಮಕ್ಕಳನ್ನು ಬಿಡುತ್ತಾರೋ?

"ಚೆನ್ನೈ ರೇಸ್" ಎಂದಷ್ಟೇ ಕೇಳಿ ಹೊರಡಬೇಡಿ. 2024ರ ಆಗಸ್ಟ್ ಕೊನೆಯಲ್ಲಿ ಚೆನ್ನೈ ನಗರದೊಳಗೆ, ಐಲ್ಯಾಂಡ್ ಗ್ರೌಂಡ್ಸ್ ಸುತ್ತ, ರಾತ್ರಿ ದೀಪದ ಬೆಳಕಿನಲ್ಲಿ ರಸ್ತೆ ರೇಸ್ ನಡೆಯಿತು. ಅಲ್ಲಿಗೂ ಇರುಂಗಾಟ್ಟುಕೋಟೈಗೂ ಮೂವತ್ತು ಕಿಲೋಮೀಟರಿಗೂ ಹೆಚ್ಚು ಅಂತರ, ಅದೂ ನಗರದ ಟ್ರಾಫಿಕ್ಕಿನಲ್ಲಿ. ಹಾಗೆಯೇ "ಫಾರ್ಮುಲಾ 4" ಎಂಬ ಹೆಸರಿನಡಿ ನಮ್ಮಲ್ಲಿ ಎರಡು ಬೇರೆ ಬೇರೆ ಸ್ಪರ್ಧೆಗಳಿವೆ: ಕೊಯಮತ್ತೂರಿನಲ್ಲಿ ಬೇರೂರಿರುವ ಎಲ್‌ಜಿಬಿ ಫಾರ್ಮುಲಾ 4 ಮತ್ತು ಅಂತರರಾಷ್ಟ್ರೀಯ ನಿಯಮದ ಎಫ್4 ಇಂಡಿಯನ್ ಚಾಂಪಿಯನ್‌ಶಿಪ್. ಕಾರೂ ಬೇರೆ, ವೇಗವೂ ಬೇರೆ.

ನಮ್ಮ ಕಡೆಯವರು ಮರೆಯುವ ಇನ್ನೊಂದು ಅಂಶ ಮಳೆ. ದಾವಣಗೆರೆ ಸೀಮೆಯಲ್ಲಿ ಮುಂಗಾರು ಹಿಂದೆ ಸರಿದು "ಇನ್ನು ಮಳೆ ಮುಗಿಯಿತು" ಎನ್ನುವ ಹೊತ್ತಿಗೆ ಚೆನ್ನೈ ಕಡೆ ಶುರುವಾಗುತ್ತದೆ. ಅಕ್ಟೋಬರಿನಿಂದ ಡಿಸೆಂಬರ್ ಮಧ್ಯದವರೆಗೆ ಹಿಂಗಾರಿನ ಅಬ್ಬರ, ವಾಯುಭಾರ ಕುಸಿತವಾದರೆ ದಿನಗಟ್ಟಲೆ ಸುರಿತ. ಸಾಧಾರಣ ಮಳೆಗೆ ರೇಸ್ ನಿಲ್ಲಬೇಕೆಂದಿಲ್ಲ, ಒದ್ದೆ ಟ್ರ್ಯಾಕಿನ ಟೈರ್ ಹಾಕಿ ಓಡಿಸುತ್ತಾರೆ. ಟ್ರ್ಯಾಕ್ ಮೇಲೆ ನೀರು ನಿಂತರೆ ನಿಲ್ಲಿಸುತ್ತಾರೆ. ಆ ತಿಂಗಳುಗಳಲ್ಲಿ ಹೋಗುವುದಾದರೆ ರದ್ದು ಮಾಡಬಹುದಾದ ರೂಮನ್ನೇ ಹಿಡಿಯಿರಿ.

ಹೋಗುವ ದಾರಿ

ಕಾರಿನವರು ಶುಕ್ರವಾರ ಬೆಳಗ್ಗೆ ಐದಕ್ಕೆ ದಾವಣಗೆರೆ ಬಿಡಿ. ಚಿತ್ರದುರ್ಗದವರು ಆರಕ್ಕೆ ಹೊರಟರೂ ಸಾಕು. ತುಮಕೂರು ದಾಟಿ ನೆಲಮಂಗಲ ಮುಟ್ಟಿದ ಮೇಲೆ ಬೆಂಗಳೂರಿನೊಳಗೆ ನುಗ್ಗಬೇಡಿ. ಮಾದಾವರದ ಬಳಿ ನೈಸ್ ರಸ್ತೆಗೆ ಇಳಿದರೆ ನಗರದ ಹೊರಗಿನಿಂದಲೇ ಸುಮಾರು 40 ಕಿ.ಮೀ. ಸುತ್ತಿ ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಹೊಸೂರು ರಸ್ತೆಗೆ ಬರುತ್ತೀರಿ. ಹತ್ತು ಗಂಟೆಯೊಳಗೆ ಹೊಸೂರು ರಸ್ತೆಯಲ್ಲಿದ್ದರೆ ಮಧ್ಯಾಹ್ನದ ಊಟಕ್ಕೆ ಕೃಷ್ಣಗಿರಿ, ಸಂಜೆ ನಾಲ್ಕರ ಸುಮಾರಿಗೆ ಶ್ರೀಪೆರಂಬದೂರು. ಇದೇ ಪ್ರಯಾಣವನ್ನು ಶುಕ್ರವಾರ ಮಧ್ಯಾಹ್ನ ಶುರು ಮಾಡಿದರೆ ವಾರಾಂತ್ಯಕ್ಕೆ ಬೆಂಗಳೂರು ಬಿಡುವವರ ಸಾಲಿನಲ್ಲಿ ಹೊಸೂರಿನವರೆಗೆ ತೆವಳಬೇಕಾಗುತ್ತದೆ.

ಕೃಷ್ಣಗಿರಿಯಲ್ಲಿ ಎಚ್ಚರ. ಟೋಲ್ ದಾಟಿದ ಮೇಲೆ ನೇರ ಹೋಗುವ ದೊಡ್ಡ ರಸ್ತೆ ಧರ್ಮಪುರಿ, ಸೇಲಂಗೆ ಹೋಗುವ ಹೆದ್ದಾರಿ 44. ಚೆನ್ನೈಗೆ ಹೆದ್ದಾರಿ 48 ಎಡಕ್ಕೆ ಕವಲೊಡೆಯುತ್ತದೆ. ಮಾತಿನ ಭರದಲ್ಲಿ ಫಲಕ ತಪ್ಪಿದರೆ ವಾಪಸ್ ತಿರುಗಲು ದೂರ ಹೋಗಬೇಕು. ಮುಂದೆ ಆಂಬೂರು, ವೆಲ್ಲೂರು, ವಾಲಾಜಾಪೇಟೆ, ಎಲ್ಲವೂ ಒಂದೇ ಗೆರೆಯ ಮೇಲೆ.

ಒಂದು ದಿಕ್ಕಿಗೆ ಹತ್ತರ ಆಸುಪಾಸು ಟೋಲ್‌ಗಳಿವೆ. ಹೆಬ್ಬಾಳು, ಗುಯಿಲಾಳು, ಕರ್ಜೀವನಹಳ್ಳಿ ನಮಗೆ ಪರಿಚಿತವೇ. ಆಚೆಗೆ ಅತ್ತಿಬೆಲೆ, ಕೃಷ್ಣಗಿರಿ, ವಾಣಿಯಂಬಾಡಿ, ಪಳ್ಳಿಕೊಂಡ, ವಾಲಾಜಾ, ಶ್ರೀಪೆರಂಬದೂರು. ಸ್ವಂತ ಕಾರಿನಲ್ಲಿ ವರ್ಷಕ್ಕೆ ಎರಡು ಮೂರು ಸಲ ಇಂಥ ಪ್ರಯಾಣ ಮಾಡುವವರಿಗೆ 2025ರ ಆಗಸ್ಟ್ 15ರಂದು ಜಾರಿಗೆ ಬಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭದ್ದು: ಜಾರಿಗೆ ಬಂದಾಗ ಅದರ ದರ 3,000 ರೂಪಾಯಿ ಇತ್ತು, ಒಂದು ವರ್ಷ ಅಥವಾ 200 ಟೋಲ್ ದಾಟುವವರೆಗೆ. ನೈಸ್ ರಸ್ತೆ ರಾಷ್ಟ್ರೀಯ ಹೆದ್ದಾರಿಯಲ್ಲ, ಅಲ್ಲಿ ಈ ಪಾಸ್ ನಡೆಯುವುದಿಲ್ಲ, ನಗದು ಇಟ್ಟುಕೊಳ್ಳಿ.

ಗೆಳೆಯರೆಲ್ಲ ಸೇರಿ ಟೆಂಪೊ ಟ್ರಾವೆಲರ್ ಹಿಡಿಯುವುದಾದರೆ ಹಳದಿ ಬೋರ್ಡಿನ ಗಾಡಿಗೆ ತಮಿಳುನಾಡು ಪ್ರವೇಶದ ತೆರಿಗೆ ಅಥವಾ ಅಖಿಲ ಭಾರತ ಪ್ರವಾಸಿ ಪರ್ಮಿಟ್ ಇದೆಯೇ ಎಂದು ಮುಂಗಡ ಕೊಡುವ ಮುಂಚೆ ಕೇಳಿ. ಅತ್ತಿಬೆಲೆ ಗಡಿಯಲ್ಲಿ ಈ ಮಾತು ಎತ್ತಿದರೆ ದಂಡ ಕಟ್ಟುವುದು ಕೊನೆಗೆ ನಿಮ್ಮ ಜೇಬಿನಿಂದಲೇ.

ಇಂಧನದ ಲೆಕ್ಕ ಸರಳ. ಹೋಗಿ ಬಂದು, ಓಡಾಟ ಸೇರಿ 1,200 ಕಿ.ಮೀ. ಲೀಟರಿಗೆ 16 ಕೊಡುವ ಪೆಟ್ರೋಲ್ ಕಾರಿಗೆ 75 ಲೀಟರ್. ನಾಲ್ವರು ಹಂಚಿಕೊಂಡರೆ ತಲೆಗೆ ಎರಡು ಸಾವಿರದೊಳಗೆ.

ಹೊರಡುವ ಹಿಂದಿನ ದಿನ ಟೈರ್ ನೋಡಿ. ಗಾಳಿಯನ್ನು ಬೆಳಗ್ಗೆ ಗಾಡಿ ಓಡುವ ಮುಂಚೆ, ಟೈರ್ ತಣ್ಣಗಿದ್ದಾಗ ಅಳೆಸಿ. ಪೂರ್ತಿ ಲೋಡಿಗೆ ಎಷ್ಟಿರಬೇಕೆಂಬುದು ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿದೆ. ಟೈರಿನ ಮೈಮೇಲೆ ನಾಲ್ಕು ಅಂಕೆ ಇರುತ್ತದೆ: 2319 ಎಂದರೆ 2019ರ 23ನೇ ವಾರ ತಯಾರಾದದ್ದು. ಆರೇಳು ವರ್ಷ ದಾಟಿ ಪಕ್ಕದಲ್ಲಿ ಬಿರುಕು ಬಿಟ್ಟಿದ್ದರೆ ಹಲ್ಲು ಎಷ್ಟೇ ಉಳಿದಿರಲಿ, ಬದಲಿಸಿಯೇ ಹೊರಡಿ. ಸ್ಟೆಪ್ನಿಯಲ್ಲಿ ಗಾಳಿ ಇಲ್ಲದಿರುವುದು ಎಲ್ಲರ ಮನೆಯ ಕಥೆ.

ಬೈಕಿನಲ್ಲಿ ಹೋಗುವವರು ಒಂದೇ ದಿನಕ್ಕೆ ಮುಗಿಸುವ ಹಟ ಬಿಡಿ. ಗುರುವಾರ ಹೊರಟು ಹೊಸೂರು ಅಥವಾ ಕೃಷ್ಣಗಿರಿಯಲ್ಲಿ ತಂಗಿ. ಐನೂರು ಕಿಲೋಮೀಟರಿಗೊಮ್ಮೆ ಚೈನಿಗೆ ಲ್ಯೂಬ್ ಬೇಕು, ಪುಟ್ಟ ಡಬ್ಬಿ ಜೊತೆಗಿರಲಿ. ನೈಸ್ ರಸ್ತೆಯಲ್ಲಿ ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ.

ರೈಲು–ಬಸ್ಸಿನ ದಾರಿಯೂ ಚೆನ್ನಾಗಿದೆ. ದಾವಣಗೆರೆಯಿಂದ ಬೆಂಗಳೂರಿಗೆ ರೈಲುಗಳಿಗೆ ಕೊರತೆಯಿಲ್ಲ. ಧಾರವಾಡ–ಬೆಂಗಳೂರು ವಂದೇ ಭಾರತ್ ಕೂಡ ನಿಲ್ಲುತ್ತದೆ. ಚಿತ್ರದುರ್ಗ ನಿಲ್ದಾಣ ಚಿಕ್ಕಜಾಜೂರು–ಬಳ್ಳಾರಿ ಕವಲಿನ ಮೇಲಿರುವುದರಿಂದ ದುರ್ಗದವರಿಗೆ ಬಸ್ಸೇ ಸಲೀಸು. ಬೆಂಗಳೂರಿನಿಂದ ಮುಂದೆ ರೈಲಿನಲ್ಲಿ ಚೆನ್ನೈ ಸೆಂಟ್ರಲ್ ತನಕ ಹೋದರೆ ಟ್ರ್ಯಾಕಿಗಾಗಿ ಮತ್ತೆ ಹಿಂದಕ್ಕೆ ಬರಬೇಕು. ಅದರ ಬದಲು ಚೆನ್ನೈ ಬಸ್ ಹತ್ತಿ ಶ್ರೀಪೆರಂಬದೂರಿನಲ್ಲಿ ಇಳಿದು ಆಟೊ ಅಥವಾ ಪೂನಮಲ್ಲಿ ಕಡೆಯ ಬಸ್ ಹಿಡಿಯಿರಿ. ಐಷಾರಾಮಿ ಬಸ್ಸುಗಳು ಅಲ್ಲಿ ನಿಲ್ಲಿಸದೆ ಹೋಗುವುದುಂಟು. ಹತ್ತುವ ಮೊದಲೇ ಕಂಡಕ್ಟರಿಗೆ ಹೇಳಿ ಒಪ್ಪಿಸಿಕೊಳ್ಳಿ.

ತಂಗಲು ಶ್ರೀಪೆರಂಬದೂರೇ ಸಾಕು. ಕಾರ್ಖಾನೆಗಳ ಊರಾದ್ದರಿಂದ ಎಲ್ಲ ದರದ ಲಾಡ್ಜುಗಳಿವೆ. ಮನೆಯ ಹಿರಿಯರು ಜೊತೆಗೆ ಬಂದರೆ ಅವರನ್ನು ಬಿಸಿಲಿನಲ್ಲಿ ಕೂರಿಸಬೇಡಿ. ಶ್ರೀಪೆರಂಬದೂರು ರಾಮಾನುಜರು ಹುಟ್ಟಿದ ಊರು, ಆದಿಕೇಶವ ಪೆರುಮಾಳ್ ದೇವಸ್ಥಾನ ಅಲ್ಲೇ ಇದೆ. ಮೇಲುಕೋಟೆಗೆ ನಡೆದುಕೊಳ್ಳುವ ಮನೆಯವರಿಗೆ ಆ ದರ್ಶನದ ಬೆಲೆ ಬೇರೆಯೇ. ಕಂಚಿಯೂ ಒಂದು ಗಂಟೆಯೊಳಗಿನ ದಾರಿ.

ಚೀಲದಲ್ಲಿ ಏನಿರಬೇಕು

ಕಿವಿಗೆ ಇಯರ್‌ಪ್ಲಗ್. ಇದು ಮೊದಲನೆಯದು, ಬಿಡುವ ಮಾತೇ ಇಲ್ಲ. ಸೈಲೆನ್ಸರ್ ಬಿಗಿಯಿಲ್ಲದ ರೇಸ್ ಎಂಜಿನ್‌ಗಳ ಸದ್ದನ್ನು ಎರಡು ದಿನ ಬರಿಕಿವಿಯಲ್ಲಿ ಕೇಳಿದರೆ ಊರಿಗೆ ಬಂದ ಮೇಲೂ ಗುಂಯ್‌ಗುಡುತ್ತಿರುತ್ತದೆ, ಶಾಶ್ವತ ಹಾನಿಯೂ ಆಗಬಹುದು. ಮೆಡಿಕಲ್ ಶಾಪಿನಲ್ಲಿ ಸಿಗುವ ಸ್ಪಂಜಿನ ಪ್ಲಗ್ ಸಾಕು, ಆದರೆ ಹಾಕುವ ಕ್ರಮ ಗೊತ್ತಿರಬೇಕು: ಬೆರಳಲ್ಲಿ ಹೊಸೆದು ಸಣ್ಣಗೆ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗೆ ತೂರಿಸಿ, ಅದು ಉಬ್ಬುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹೊರಗೆ ಚಾಚಿಕೊಂಡಿದ್ದರೆ ಸರಿಯಾಗಿ ಕೂತಿಲ್ಲ ಎಂದರ್ಥ. ಪುಟ್ಟ ಮಕ್ಕಳಿಗೆ ಪ್ಲಗ್ ಬೇಡ, ತಲೆಗೆ ಹಾಕುವ ಇಯರ್‌ಮಫ್ ಕೊಡಿಸಿ.

ನೀರು ತಲೆಗೆ ಮೂರು ಲೀಟರ್, ಓಆರ್‌ಎಸ್ ಪೊಟ್ಟಣ. ನಮ್ಮದು ಒಣ ಬಿಸಿಲು. ಅಲ್ಲಿಯದು ಬೆವರು ಆರದ ಬಿಸಿಲು, ದೇಹ ಸೋತದ್ದು ತಡವಾಗಿ ಗೊತ್ತಾಗುತ್ತದೆ. ಅಂಚು ಅಗಲವಾದ ಟೋಪಿ, ಪೂರ್ತಿ ತೋಳಿನ ಹತ್ತಿ ಅಂಗಿ, ಸಿಮೆಂಟ್ ಮೆಟ್ಟಿಲ ಮೇಲೆ ಹಾಸಲು ದಪ್ಪ ಬಟ್ಟೆ, ಮುಂದೆ ಮುಚ್ಚಿದ ಶೂ. ಕೊಡೆ ಬೇಡ, ಹಿಂದಿನವರಿಗೆ ಅಡ್ಡ. ಮಳೆಗೆ ರೈನ್‌ಕೋಟ್ ಇರಲಿ. ಒಳಗೆ ಅಂಗಡಿ ಇದ್ದರೂ ನೂಕುನುಗ್ಗಲಾಗುತ್ತದೆ. ಬುತ್ತಿ ಒಳಗೆ ಬಿಡುತ್ತಾರೆಂದು ಖಚಿತವಾದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಎರಡು ದಿನ ಕೆಡದೆ ಉಳಿಯುತ್ತವೆ. 8x42 ಅಳತೆಯ ದುರ್ಬೀನು ಇದ್ದರೆ ದೂರದ ತಿರುವುಗಳೂ ನಿಮ್ಮವೇ.

ಡ್ರೋನ್ ಒಯ್ಯಬೇಡಿ. ಕ್ಯಾಮೆರಾ ಒಯ್ಯುವವರು 200 ಎಂಎಂಗಿಂತ ಕಡಿಮೆ ಲೆನ್ಸಿನಿಂದ ಹೆಚ್ಚು ನಿರೀಕ್ಷಿಸಬೇಡಿ. ಗಾಡಿಯ ಜೊತೆ ಕ್ಯಾಮೆರಾ ಹೊರಳಿಸುತ್ತಾ ಸೆಕೆಂಡಿನ 1/160ರ ಸುಮಾರಿಗೆ ತೆಗೆದರೆ ಹಿನ್ನೆಲೆ ಗೆರೆಗೆರೆಯಾಗಿ ವೇಗ ಕಾಣುತ್ತದೆ. 1/2000ರಲ್ಲಿ ತೆಗೆದ ಬೈಕ್ ನಿಲ್ಲಿಸಿ ತೆಗೆದಂತೆ ಕಾಣುತ್ತದೆ. ತಂತಿ ಬೇಲಿ ಅಡ್ಡ ಬಂದರೆ ಲೆನ್ಸನ್ನು ಬೇಲಿಗೆ ಆದಷ್ಟು ಹತ್ತಿರ ಹಿಡಿದು ಅಪರ್ಚರ್ ಪೂರ್ತಿ ತೆರೆಯಿರಿ, ತಂತಿ ಕರಗಿಹೋಗುತ್ತದೆ.

ಟ್ರ್ಯಾಕಿನಲ್ಲಿ ಎರಡು ದಿನ

ವಾರಾಂತ್ಯದ ಓಟ ಸಾಮಾನ್ಯವಾಗಿ ಹೀಗೆ: ಶುಕ್ರವಾರ ಅಭ್ಯಾಸ, ಶನಿವಾರ ಬೆಳಗ್ಗೆ ಕ್ವಾಲಿಫೈಯಿಂಗ್ (ಯಾರು ಎಷ್ಟನೆಯ ಸ್ಥಾನದಿಂದ ಹೊರಡಬೇಕೆಂದು ವೇಗ ನೋಡಿ ಗೊತ್ತುಮಾಡುವ ಓಟ), ಮಧ್ಯಾಹ್ನದಿಂದ ಮೊದಲ ರೇಸ್‌ಗಳು, ಭಾನುವಾರ ಉಳಿದವು. ಕ್ವಾಲಿಫೈಯಿಂಗ್ ನೋಡದೆ ರೇಸ್ ನೋಡಿದರೆ ಯಾರು ಎಲ್ಲಿಂದ ಮೇಲೆ ಬಂದರು ಎಂಬುದೇ ತಿಳಿಯುವುದಿಲ್ಲ. ಶನಿವಾರ ಜನವೂ ಕಡಿಮೆ, ನಾಳೆ ಎಲ್ಲಿ ಕೂರಬೇಕೆಂದು ನಡೆದಾಡಿ ಗೊತ್ತು ಮಾಡಿಕೊಳ್ಳಬಹುದು, ಪ್ಯಾಡಾಕಿಗೆ ಬಿಟ್ಟರೆ ಮೆಕ್ಯಾನಿಕ್‌ಗಳ ಕೆಲಸ ಹತ್ತಿರದಿಂದ ನೋಡಬಹುದು. ಗ್ಯಾರೇಜ್ ನಡೆಸುವ ಹುಡುಗರಿಗೆ ಇದಕ್ಕಿಂತ ದೊಡ್ಡ ಪಾಠಶಾಲೆ ಸಿಗುವುದು ಕಷ್ಟ. ಗಾಡಿ ಮುಟ್ಟಬೇಡಿ, ಟೈರ್ ಬಿಸಿ ಮಾಡುವ ವಾರ್ಮರಿನ ತಂತಿ ತುಳಿಯಬೇಡಿ, ರೇಸಿಗೆ ಹತ್ತು ನಿಮಿಷ ಇರುವಾಗ ಸವಾರರನ್ನು ಸೆಲ್ಫಿಗೆ ಕರೆಯಬೇಡಿ.

ರಾಷ್ಟ್ರೀಯ ಸುತ್ತಿನ ರೇಸ್‌ಗಳು ಚಿಕ್ಕವು. 165 ಸಿಸಿ ಬೈಕ್ ಒಂದು ಲ್ಯಾಪಿಗೆ ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ, ಅಂದರೆ ತಿರುವುಗಳೆಲ್ಲ ಸೇರಿ ಸರಾಸರಿ ಗಂಟೆಗೆ 110 ಕಿ.ಮೀ. ಆರು ಲ್ಯಾಪಿನ ರೇಸ್ ಹನ್ನೆರಡು ನಿಮಿಷದಲ್ಲಿ ಮುಗಿದೇಹೋಗುತ್ತದೆ. ಟೀಗೆ ಹೋಗಬೇಕಿದ್ದರೆ ಎರಡು ರೇಸ್‌ಗಳ ನಡುವೆ ಹೋಗಿ. ಫಲಿತಾಂಶಕ್ಕಿಂತ ಗುಂಪಿನ ಜಗಳ ನೋಡಿ: ಕಡಿಮೆ ಸಿಸಿಯ ಬೈಕುಗಳು ಒಂದರ ಗಾಳಿಮರೆಯಲ್ಲಿ ಒಂದು ಅಂಟಿಕೊಂಡು ನೇರ ಹಾದಿಯಲ್ಲಿ ಬಂದು, ಮೊದಲ ತಿರುವಿನ ಬ್ರೇಕಿಂಗ್‌ನಲ್ಲಿ ನಾಲ್ಕೈದು ಒಟ್ಟಿಗೇ ಸ್ಥಾನ ಬದಲಿಸುತ್ತವೆ. ದೊಡ್ಡ ಎಂಜಿನ್‌ಗಳ ರೇಸಿಗಿಂತ ಎಷ್ಟೋ ಸಲ ಇದೇ ರೋಚಕ.

ಮೊದಲ ದಿನ ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಸ್ಟಾರ್ಟ್ ಗೆರೆಯ ಎದುರು ಕೂತು ನೋಡಿ. ಎರಡನೆಯ ದಿನ, ಪ್ರೇಕ್ಷಕರಿಗೆ ಬಿಟ್ಟ ಜಾಗದಲ್ಲೇ, ಮೊದಲ ತಿರುವು ಕಾಣುವ ಕಡೆಗೆ ಸರಿಯಿರಿ. ಒಂದೇ ತಿರುವಿನಲ್ಲಿ ಇಬ್ಬರು ಸವಾರರನ್ನು ಮಾತ್ರ ಗಮನಿಸಿ: ಬ್ರೇಕ್ ಎಲ್ಲಿ ಹಿಡಿದರು, ಒಳಅಂಚಿಗೆ ಎಲ್ಲಿ ತಾಗಿದರು, ಥ್ರಾಟಲ್ ಸದ್ದು ಮತ್ತೆ ಯಾವಾಗ ಏರಿತು. ವ್ಯತ್ಯಾಸ ಹತ್ತು ನಿಮಿಷದಲ್ಲಿ ಕಿವಿಗೇ ಹತ್ತುತ್ತದೆ.

ಬಾವುಟಗಳ ಅರ್ಥ ಗೊತ್ತಿದ್ದರೆ ಮೈಕಿನ ಮಾತು ಕೇಳಿಸದಿದ್ದರೂ ರೇಸ್ ಅರ್ಥವಾಗುತ್ತದೆ.

- ಹಳದಿ: ಮುಂದೆ ಅಪಾಯ, ಓವರ್‌ಟೇಕ್ ಮಾಡುವಂತಿಲ್ಲ.
- ಹಳದಿ–ಕೆಂಪು ಪಟ್ಟಿ: ಟ್ರ್ಯಾಕ್ ಜಾರುತ್ತಿದೆ.
- ನೀಲಿ: ಹಿಂದಿನಿಂದ ವೇಗದವನು ಬರುತ್ತಿದ್ದಾನೆ.
- ಕಪ್ಪು, ನಡುವೆ ಕಿತ್ತಳೆ ಚುಕ್ಕೆ, ಜೊತೆಗೆ ನಂಬರ್: ಆ ಗಾಡಿಯಲ್ಲಿ ದೋಷವಿದೆ, ಹೊರಬರಬೇಕು.
- ಕೆಂಪು: ಓಟ ನಿಂತಿದೆ.

ಕೆಂಪು ಬಾವುಟ ಬಿದ್ದರೆ ವೇಳಾಪಟ್ಟಿ ಅಲ್ಲಿಂದ ಮುಂದಕ್ಕೆಲ್ಲ ಜಾರುತ್ತದೆ. ಆಂಬುಲೆನ್ಸ್ ಹೋಗಿ, ಟ್ರ್ಯಾಕ್ ಮೇಲಿನ ಎಣ್ಣೆ ಒರೆಸಿ, ಮತ್ತೆ ಗ್ರಿಡ್ (ಗಾಡಿಗಳು ಹೊರಡಲು ನಿಲ್ಲುವ ಸಾಲು) ಕಟ್ಟಲು ಅರ್ಧ ಗಂಟೆ ಹಿಡಿಯಬಹುದು. ಆ ಹೊತ್ತಿನಲ್ಲಿ ಬಿದ್ದವರನ್ನು ನೋಡಲು ಬೇಲಿಯತ್ತ ಓಡಬೇಡಿ, ವಿಡಿಯೊ ಹಂಚಬೇಡಿ. ಮನೆಯವರಿಗೆ ಸುದ್ದಿ ಸರಿಯಾದ ಬಾಯಿಂದ ಮುಟ್ಟಲಿ.

ವಾಪಸ್ಸು

ಕೊನೆಯ ರೇಸ್ ಮುಗಿದು ಬಹುಮಾನ ವಿತರಣೆ ಆಗುವ ಹೊತ್ತಿಗೆ ಸಂಜೆಯಾಗಿರುತ್ತದೆ. ಅಲ್ಲಿಂದ ನೇರ ದಾವಣಗೆರೆಗೆ ಓಡಿಸಿದರೆ ಬೆಳಗಿನ ಜಾವ ಮೂರು–ನಾಲ್ಕರ ಹೊತ್ತಿಗೆ, ನಿದ್ದೆ ಅತಿ ಹೆಚ್ಚು ಒತ್ತುವ ಗಳಿಗೆಯಲ್ಲಿ, ಶಿರಾ–ಹಿರಿಯೂರು ನಡುವಿನ ನೇರ ರಸ್ತೆಯಲ್ಲಿರುತ್ತೀರಿ. ತಿರುವಿಲ್ಲದ, ಲಾರಿಗಳು ಬದಿಯಲ್ಲಿ ನಿಂತಿರುವ ಆ ರಸ್ತೆಯಲ್ಲಿ ರೆಪ್ಪೆ ಮುಚ್ಚಲು ಎರಡು ಸೆಕೆಂಡ್ ಸಾಕು. ಇಡೀ ದಿನ ರೇಸ್ ನೋಡಿದ ಮೇಲೆ ಕಾಲು ಆಕ್ಸಿಲರೇಟರಿನ ಮೇಲೆ ತಾನಾಗಿ ಭಾರವಾಗುತ್ತದೆ ಎಂಬುದೂ ನಿಜ. ವೆಲ್ಲೂರು ಅಥವಾ ಕೃಷ್ಣಗಿರಿಯಲ್ಲಿ ಮಲಗಿ, ಸೋಮವಾರ ಬೆಳಗ್ಗೆ ಐದಕ್ಕೆ ಎದ್ದು ಹೊರಡಿ. ಸೋಮವಾರದ ರಜೆ ಸಿಗದಿದ್ದರೆ ಭಾನುವಾರದ ಕೊನೆಯ ರೇಸ್ ಬಿಟ್ಟು ಮಧ್ಯಾಹ್ನ ಒಂದಕ್ಕೇ ಎದ್ದುಬಿಡಿ. ಶನಿವಾರ ನೋಡಿದ್ದೀರಲ್ಲ, ನಷ್ಟವಿಲ್ಲ.

ನೋಡಿ ಬಂದ ಮೇಲೆ ಓಡಿಸಬೇಕೆನಿಸಿದರೆ

ಅನಿಸಿಯೇ ಅನಿಸುತ್ತದೆ. ಅದಕ್ಕೆ ಹೊನ್ನಾಳಿ ರಸ್ತೆಯೋ ದುರ್ಗದ ಬೈಪಾಸೋ ಜಾಗವಲ್ಲ. ಇದೇ ಟ್ರ್ಯಾಕಿನಲ್ಲಿ ರೇಸಿಲ್ಲದ ದಿನಗಳಲ್ಲಿ ತರಬೇತಿ ಶಿಬಿರ, ಟ್ರ್ಯಾಕ್ ಡೇ (ಸ್ವಂತ ಗಾಡಿಯನ್ನು ಟ್ರ್ಯಾಕಿನಲ್ಲಿ ಓಡಿಸಲು ಬಿಡುವ ದಿನ) ನಡೆಯುತ್ತವೆ. ಕ್ಯಾಲಿಫೋರ್ನಿಯಾ ಸೂಪರ್‌ಬೈಕ್ ಸ್ಕೂಲ್ ಕೂಡ ಇಲ್ಲಿ ತರಗತಿ ನಡೆಸಿದೆ. ಸ್ಪರ್ಧಿಸುವುದಾದರೆ ಎಫ್‌ಎಂಎಸ್‌ಸಿಐ ಪರವಾನಗಿ ಬೇಕು.

ಬೈಕಿನವರಿಗೆ ಬೇಕಾದದ್ದು ಫುಲ್‌ಫೇಸ್ ಹೆಲ್ಮೆಟ್, ಒಂದೇ ತುಂಡಿನ ಅಥವಾ ಸೊಂಟಕ್ಕೆ ಜಿಪ್ ಕೂಡಿಸುವ ಲೆದರ್ ಸೂಟ್, ಮಣಿಕಟ್ಟು ಮುಚ್ಚುವ ಗ್ಲೌಸ್, ಕಣಕಾಲಿನ ಮೇಲೆ ಬರುವ ಬೂಟ್, ಬೆನ್ನಿಗೆ ಪ್ರೊಟೆಕ್ಟರ್. ಕೆಲವು ಶಿಬಿರಗಳು ಬಾಡಿಗೆಗೆ ಕೊಡುತ್ತವೆ, ಅಳತೆ ಮೊದಲೇ ಹೇಳಿಡಿ. ಬೈಕಿನ ಕನ್ನಡಿ ಬಿಚ್ಚಿ, ದೀಪಗಳ ಗಾಜಿಗೆ ಟೇಪ್ ಸುತ್ತಿ. ಬಿದ್ದಾಗ ಚೂರು ಟ್ರ್ಯಾಕ್ ಮೇಲೆ ಹರಡಬಾರದು. ಬ್ರೇಕ್ ಪ್ಯಾಡ್ ಅರ್ಧಕ್ಕಿಂತ ಸವೆದಿದ್ದರೆ ಹೊಸದು ಹಾಕಿಸಿ, ಬ್ರೇಕ್ ಎಣ್ಣೆಯನ್ನೂ ಬದಲಿಸಿ. ಹಳೆಯ ಎಣ್ಣೆ ಗಾಳಿಯ ತೇವ ಹೀರಿಕೊಂಡಿರುತ್ತದೆ. ಸತತ ಬ್ರೇಕಿಂಗ್ ಶಾಖಕ್ಕೆ ಅದು ಕುದಿದು ಗುಳ್ಳೆಯೆದ್ದರೆ ಲಿವರ್ ಹ್ಯಾಂಡಲಿನವರೆಗೆ ಬಂದರೂ ಬ್ರೇಕ್ ಹಿಡಿಯುವುದಿಲ್ಲ. ಆಯಿಲ್ ಡ್ರೈನ್ ಬೋಲ್ಟ್ ಬಿಗಿಯಾಗಿದೆಯೇ, ಎಲ್ಲೂ ಒಸರುತ್ತಿಲ್ಲವೇ ನೋಡಿ. ಒಸರುವ ಬೈಕನ್ನು ತಪಾಸಣೆಯಲ್ಲೇ ಹೊರಗಿಡುತ್ತಾರೆ, ಐನೂರು ಕಿಲೋಮೀಟರ್ ಬಂದದ್ದು ವ್ಯರ್ಥವಾಗುತ್ತದೆ.

ಆ ಬೈಕನ್ನು ದಾವಣಗೆರೆಯಿಂದ ಓಡಿಸಿಕೊಂಡೇ ಹೋಗಬೇಡಿ. ಇಬ್ಬರು ಮೂವರು ಸೇರಿ ಪಿಕಪ್ ಮಾಡಿ, ಹ್ಯಾಂಡಲ್ ಕೆಳಗಿನ ಫೋರ್ಕ್ ಕ್ಲ್ಯಾಂಪಿಗೆ ಎರಡೂ ಬದಿಯಿಂದ ರ‍್ಯಾಚೆಟ್ ಪಟ್ಟಿ ಹಾಕಿ, ಮುಂದಿನ ಸಸ್ಪೆನ್ಷನ್ ಅರ್ಧ ಕುಸಿಯುವಷ್ಟು ಬಿಗಿದು ನಿಲ್ಲಿಸಿ. ಸೈಡ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕಟ್ಟಿದರೆ ಮೊದಲ ಹಂಪಿಗೇ ಪಟ್ಟಿ ಸಡಿಲವಾಗುತ್ತದೆ. ಹಿರಿಯೂರಿನಲ್ಲಿ ಟೀಗೆ ನಿಂತಾಗ ಒಮ್ಮೆ, ಹೊಸೂರು ದಾಟಿ ಒಮ್ಮೆ ಪಟ್ಟಿಗಳನ್ನು ಎಳೆದು ನೋಡಿ.